ಆ ‘ಬಿಸಿನೆಸ್ ಪ್ಲಾನ್’ ಕರೆಗಳು ಎಲ್ಲಿ ಹೋದವು?

ಪ್ರಶ್ನೆ: ಒಂದು ಕಾಲದಲ್ಲಿ ಪರಿಚಯದವರು ಯಾರಾದರೊಬ್ಬರು ಫೋನ್ ಮಾಡಿ, “ಒಂದು ಒಳ್ಳೆ ಅವಕಾಶ ಇದೆ, ಫೋನಲ್ಲಿ ಹೇಳೋಕಾಗಲ್ಲ, ಅರ್ಧ ಗಂಟೆ ಸಿಗು” ಅನ್ನುತ್ತಲೇ ಇದ್ದರು. ಈಗ ಅಂಥ ಕರೆಗಳು ಹೆಚ್ಚುಕಮ್ಮಿ ನಿಂತೇಹೋಗಿವೆ. ಒಬ್ಬರು ಇನ್ನೊಬ್ಬರನ್ನು ಸೇರಿಸುತ್ತಾ ಸರಕು ಮಾರುವ ಈ ನೆಟ್‌ವರ್ಕ್ ಮಾರ್ಕೆಟಿಂಗ್ ಗೆಳೆಯರ ನಡುವೆಯೇ ಅಷ್ಟು ಹಬ್ಬಿದ್ದು ಹೇಗೆ, ಈಗ ತಣ್ಣಗಾಗಿದ್ದು ಏಕೆ? ಇನ್ನೊಂದು ಮಾತು. ನನ್ನ ಹಳೆಯ ಗೆಳತಿಯೊಬ್ಬಳು ಅದಕ್ಕೆ ಸೇರಿದ್ದಳು. ನಾನು ಸೇರಲಿಲ್ಲ, ಸಿಟ್ಟಿನಲ್ಲಿ ಏನೇನೋ ಅಂದುಬಿಟ್ಟೆ. ಅವಳು ಅದನ್ನು ಬಿಟ್ಟು ಬಹಳ ಕಾಲವಾಯಿತಂತೆ, ಆದರೂ ನಮ್ಮಿಬ್ಬರ ನಡುವೆ ಮಾತಿಲ್ಲ. ಅವಳು ನನ್ನನ್ನು ಬರೀ ಗಿರಾಕಿಯಾಗಿ ಕಂಡಳೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರುಮಾಡುತ್ತೇನೆ, ಏಕೆಂದರೆ ಮೊದಲಿನ ಎರಡಕ್ಕೂ ಉತ್ತರ ಅದರಲ್ಲೇ ಇದೆ. ಅವರು ನಿಮ್ಮನ್ನು ಗಿರಾಕಿಯಾಗಿ ಕಂಡಿರುವ ಸಾಧ್ಯತೆ ತೀರ ಕಡಿಮೆ. ಸಾಲ, ಉಳಿತಾಯದ ವಿಷಯದಲ್ಲಿ ಸಲಹೆ ಕೇಳಿ ಬರುವವರ ಜೊತೆ ಮಾತಾಡುವುದೇ ನನ್ನ ಕೆಲಸ. ಈ ಜಾಲಗಳಿಗೆ ಸೇರಿ ಹೊರಬಂದವರು ಅವರಲ್ಲಿ ಬಹಳ ಜನ. ಅವರೆಲ್ಲ ಹೇಳುವ ಮೊದಲ ವಾರದ ಕಥೆ ಒಂದೇ ತರಹ ಇರುತ್ತದೆ. ಸೇರಿದ ಕೂಡಲೇ ಕೈಗೊಂದು ಪುಸ್ತಕ ಕೊಟ್ಟು, ನಿಮಗೆ ಗೊತ್ತಿರುವವರ ಹೆಸರನ್ನೆಲ್ಲ ಬರೆಯಿರಿ ಅನ್ನುತ್ತಾರೆ. ಅವರಿಗೆ ಆಸಕ್ತಿ ಇರುತ್ತದೋ ಇಲ್ಲವೋ ನೀವು ತೀರ್ಮಾನಿಸಬೇಡಿ, ಸುಮ್ಮನೆ ಬರೆಯಿರಿ ಅನ್ನುತ್ತಾರೆ. ಆ ಪಟ್ಟಿಯ ಮೇಲ್ಭಾಗದಲ್ಲಿ ಬರುವುದು ಯಾರ ಹೆಸರು? ಕಷ್ಟಕ್ಕೆ ಆಗುವವರದು, ಕೇಳಿದರೆ ಇಲ್ಲ ಅನ್ನದವರದು, ತಾನು ಉದ್ಧಾರವಾದರೆ ಜೊತೆಗೆ ಇವರೂ ಆಗಲಿ ಎಂದು ಮನಸಾರೆ ಬಯಸುವವರದು. ನಿಮ್ಮ ಗೆಳತಿ ಮೊದಲು ನಿಮಗೇ ಫೋನ್ ಮಾಡಿದ್ದರೆ, ಅವರ ಮನಸ್ಸಿನಲ್ಲಿ ನೀವು ಅಷ್ಟು ಹತ್ತಿರ ಇದ್ದಿರಿ ಎಂದೇ ಅರ್ಥ.

“ಫೋನಲ್ಲಿ ಹೇಳೋಕಾಗಲ್ಲ” ಎಂಬ ಮಾತು ಕೂಡ ಅವರದಲ್ಲ. ಕುತೂಹಲ ಹುಟ್ಟಿಸು, ವಿಷಯ ಹೇಳಬೇಡ, ಎದುರಿಗೆ ಕೂರಿಸು, ವಿವರಿಸುವ ಕೆಲಸ ಅಪ್‌ಲೈನ್‌ಗೆ, ಅಂದರೆ ನಿನ್ನನ್ನು ಸೇರಿಸಿದ ಮೇಲಿನವರಿಗೆ, ಬಿಡು ಎಂದು ಅವರಿಗೆ ಹೇಳಿಕೊಟ್ಟಿರುತ್ತಾರೆ. ಗೆಳತಿಯ ಪಕ್ಕದಲ್ಲಿ ಅಪರಿಚಿತರೊಬ್ಬರು ಕೂತು ಯಾರ ಕೆಳಗೆ ಯಾರು ಸೇರುತ್ತಾರೆಂದು ಹಾಳೆಯ ಮೇಲೆ ವೃತ್ತಗಳನ್ನು ಬರೆಯತೊಡಗಿದಾಗ ನಿಮಗೆ ಮೋಸಹೋದಂತೆ ಅನ್ನಿಸಿದ್ದು ಸಹಜ. ಆ ಮೋಸವನ್ನು ಹೆಣೆದವರು ಮಾತ್ರ ನಿಮ್ಮ ಗೆಳತಿಗಿಂತ ಎಷ್ಟೋ ಮೆಟ್ಟಿಲು ಮೇಲಿದ್ದವರು.

ಇದು ಗೆಳೆಯರ ನಡುವೆಯೇ ಏಕೆ ಹಬ್ಬಿತು ಎಂಬುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಅಮೆರಿಕದಲ್ಲಿ ಅರ್ಲ್ ಟಪ್ಪರ್ ಎಂಬಾತ 1946ರ ಸುಮಾರಿಗೆ ಗಾಳಿಯಾಡದ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗಳನ್ನು ಮಾರುಕಟ್ಟೆಗೆ ತಂದ. ಅಂಗಡಿಯಲ್ಲಿ ಅವು ಹೋಗಲಿಲ್ಲ, ಏಕೆಂದರೆ ಆ ಮುಚ್ಚಳ ಹಾಕುವುದು ಹೇಗೆಂದೇ ಜನಕ್ಕೆ ತಿಳಿಯುತ್ತಿರಲಿಲ್ಲ. ಬ್ರೌನಿ ವೈಸ್ ಎಂಬ ಮಹಿಳೆ ಮನೆಗಳಲ್ಲಿ ಗೆಳತಿಯರನ್ನು ಸೇರಿಸಿ, ಡಬ್ಬಿಯನ್ನು ಕೈಯಲ್ಲಿ ಹಿಡಿದು ತೋರಿಸಿ ಮಾರತೊಡಗಿದಾಗ ವ್ಯಾಪಾರ ಎಷ್ಟು ಕುದುರಿತೆಂದರೆ, 1951ರಲ್ಲಿ ಕಂಪನಿ ತನ್ನ ಸರಕನ್ನು ಅಂಗಡಿಗಳಿಂದಲೇ ವಾಪಸ್ ತೆಗೆದುಕೊಂಡಿತು. ಇದರಲ್ಲಿ ತಪ್ಪು ಹುಡುಕಲು ನನಗೆ ಮನಸ್ಸಿಲ್ಲ. ತೋರಿಸಿ ಮಾರಬೇಕಾದ ವಸ್ತು, ಅದನ್ನು ನೋಡಿ ಕೊಳ್ಳುವ ಗೆಳತಿ, ಮಾರಿದವಳಿಗೆ ಒಂದಿಷ್ಟು ಲಾಭ. ಹೊರಗಿನ ಕೆಲಸ ಸಿಗದ ಎಷ್ಟೋ ಹೆಂಗಸರು ಈ ದಾರಿಯಿಂದಲೇ ಮೊದಲ ಬಾರಿಗೆ ಸ್ವಂತ ದುಡ್ಡು ಕಂಡರು.

ತಿರುವು ಬಂದಿದ್ದು ಇನ್ನೊಂದು ಕಡೆ. 1945ರಲ್ಲಿ ನ್ಯೂಟ್ರಿಲೈಟ್ ಎಂಬ ವಿಟಮಿನ್ ಮಾರಾಟಕ್ಕೆ ಹೊಸದೊಂದು ವ್ಯವಸ್ಥೆ ಮಾಡಿಕೊಂಡರು: ಮಾರುವವನು ತಾನು ಮಾರಿದ್ದಕ್ಕೆ ಮಾತ್ರವಲ್ಲ, ತಾನು ತಂದು ಸೇರಿಸಿದವರ ವಹಿವಾಟಿನ ಮೇಲೂ ಪಾಲು ಪಡೆಯಬಹುದು. ಅದೇ ನ್ಯೂಟ್ರಿಲೈಟ್ ಮಾರುತ್ತಿದ್ದ ರಿಚ್ ಡಿವೋಸ್ ಮತ್ತು ಜೇ ವ್ಯಾನ್ ಆಂಡೆಲ್ ಎಂಬ ಗೆಳೆಯರಿಬ್ಬರು 1959ರಲ್ಲಿ ಆಮ್ವೇ ಕಟ್ಟಿದರು. ಇಲ್ಲಿಂದ ಮುಂದೆ ಗೆಳತಿ ಡಬ್ಬಿ ಕೊಂಡರೆ ಸಾಲದು. ಅವಳೂ ಮಾರಬೇಕು, ಅವಳೂ ಇನ್ನೊಬ್ಬರನ್ನು ಸೇರಿಸಬೇಕು. ಸರಕು ನೆಪವಾಗಿ, ಸೇರಿಸುವುದೇ ಕಸುಬಾಗತೊಡಗಿತು.

ಇದಕ್ಕೆ ಗೆಳೆತನಕ್ಕಿಂತ ಒಳ್ಳೆಯ ನೆಲ ಬೇರೆ ಇರಲಿಲ್ಲ. ಅಪರಿಚಿತನೊಬ್ಬ ಬಂದು ದುಬಾರಿ ಪ್ರೋಟೀನ್ ಪುಡಿ ಕೊಳ್ಳಿ ಎಂದರೆ ನಾವು ಬೆಲೆ ಕೇಳುತ್ತೇವೆ, ಪಕ್ಕದ ಬ್ರಾಂಡ್ ಜೊತೆ ಹೋಲಿಸುತ್ತೇವೆ. ಗೆಳೆಯ ಹೇಳಿದರೆ ಕೇಳುವುದಿಲ್ಲ; ಕೇಳಿದರೆ ಅವನನ್ನು ಅನುಮಾನಿಸಿದಂತೆ ಆಗುತ್ತದಲ್ಲ ಎಂಬ ಸಂಕೋಚ. ಆ ಸಂಕೋಚಕ್ಕೆ ಬೆಲೆ ಕಟ್ಟಿ ಮಾರಿದ್ದೇ ಈ ಉದ್ಯಮದ ನಿಜವಾದ ಜಾಣತನ. ಆದರೆ ಆಪ್ತ ಗೆಳೆಯರು ಎಲ್ಲರಿಗೂ ಕೆಲವರೇ. ಅವರು ಬೇಗ ಮುಗಿದುಹೋಗುತ್ತಾರೆ. ಆಮೇಲೆ ಪರಿಚಿತರ ಸರದಿ. ಕೆಲಸದಂಥ ಅವಕಾಶಗಳ ಸುದ್ದಿ ನಮಗೆ ಆಪ್ತರಿಗಿಂತ ದೂರದ ಪರಿಚಿತರಿಂದ ಹೆಚ್ಚಾಗಿ ಬರುತ್ತದೆ ಎಂದು ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ತೋರಿಸಿಕೊಟ್ಟರು. ಆಪ್ತರಿಗೆ ಗೊತ್ತಿರುವುದು ಬಹುಪಾಲು ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ಬೇರೆ ಬಳಗದಲ್ಲಿ ಓಡಾಡುವವರಿಂದ. ಈ ಜಾಲಗಳು ಬೆಳೆದದ್ದೂ ಅದೇ ದಾರಿಯಲ್ಲಿ. ಆಪ್ತರು ಮೊದಲ ಸರಕು ಕೊಂಡರು; ಹಳೆಯ ಸಹೋದ್ಯೋಗಿ, ದೂರದ ಸಂಬಂಧಿ, ಸಹಪಾಠಿಯ ತಮ್ಮ ಇಂಥವರು ಅದನ್ನು ಹೊಸ ಬಳಗಗಳಿಗೆ ದಾಟಿಸಿದರು. ಎಷ್ಟೋ ವರ್ಷ ಮಾತಾಡದವರು ಇದ್ದಕ್ಕಿದ್ದಂತೆ ನಿಮ್ಮ ಆರೋಗ್ಯ ವಿಚಾರಿಸಿಕೊಂಡು ಫೋನ್ ಮಾಡುತ್ತಿದ್ದುದು ಇದಕ್ಕೇ.

ಇನ್ನು ಲೆಕ್ಕ. ಪ್ಲಾನ್, ಅಂದರೆ ಗಳಿಕೆಯ ಯೋಜನೆ, ತೋರಿಸುವಾಗ ಎಂದೂ ಕೊನೆಯವರೆಗೆ ಬರೆಯದ ಲೆಕ್ಕ ಇದು. ಒಬ್ಬರು ಆರು ಜನರನ್ನು ಸೇರಿಸುತ್ತಾರೆ, ಆ ಆರು ಜನ ತಲಾ ಆರು ಎಂದು ಹಿಡಿಯಿರಿ. ಹನ್ನೊಂದನೆಯ ಹಂತಕ್ಕೆ 36 ಕೋಟಿ ಜನ ಬೇಕು, ಹನ್ನೆರಡಕ್ಕೆ 217 ಕೋಟಿ, ಹದಿಮೂರಕ್ಕೆ 1,300 ಕೋಟಿ. ಅಷ್ಟು ಜನ ಭೂಮಿಯ ಮೇಲೇ ಇಲ್ಲ. ಈ ಮಾತು ಕೇಳಿದರೆ ಲೀಡರ್‌ಗಳು, “ಯಾವ ಜಾಲವೂ ಅಷ್ಟು ದೊಡ್ಡದಾಗುವುದಿಲ್ಲ, ಅರ್ಧಕ್ಕೇ ಎಷ್ಟೋ ಜನ ಬಿಟ್ಟುಹೋಗುತ್ತಾರೆ” ಎನ್ನುತ್ತಾರೆ. ಅದು ನಿಜ. ಹಾಗಾಗಿ ಇದಕ್ಕಿಂತ ಮುಖ್ಯವಾದ ಇನ್ನೊಂದು ಲೆಕ್ಕವನ್ನು ನಾನು ಎಲ್ಲರಿಗೂ ಬರೆದು ತೋರಿಸುತ್ತೇನೆ. ಜಾಲ ದೊಡ್ಡದಿರಲಿ ಚಿಕ್ಕದಿರಲಿ, ತಲಾ ಆರು ಜನರ ವ್ಯವಸ್ಥೆಯಲ್ಲಿ ಕಟ್ಟಕಡೆಯ ಸಾಲಿನಲ್ಲಿರುವವರೇ ಒಟ್ಟು ಜನರಲ್ಲಿ ನೂರಕ್ಕೆ 83 ಮಂದಿ. ಅವರ ಕೆಳಗೆ ಯಾರೂ ಇಲ್ಲ. ಕೊನೆಯ ಎರಡು ಸಾಲು ಸೇರಿಸಿದರೆ ನೂರಕ್ಕೆ 97. ಎಲ್ಲರೂ ಹಗಲಿರುಳು ದುಡಿದು, ಒಬ್ಬರೂ ಬಿಡದೆ, ಒಬ್ಬೊಬ್ಬರೂ ಹೇಳಿದಷ್ಟು ಜನರನ್ನು ಸೇರಿಸಿದರೂ ಈ ಪ್ರಮಾಣ ಬದಲಾಗುವುದಿಲ್ಲ. ಆದ್ದರಿಂದ “ನೀನು ಸರಿಯಾಗಿ ಮಾಡಲಿಲ್ಲ, ಅದಕ್ಕೇ ದುಡ್ಡು ಬರಲಿಲ್ಲ” ಎನ್ನುವುದು ಈ ವ್ಯವಹಾರದಲ್ಲಿ ಆಡುವ ಅತ್ಯಂತ ಕ್ರೂರವಾದ ಮಾತು. ಬಹುಪಾಲು ಜನರಿಗೆ ದುಡ್ಡು ಬರದಿರುವುದು ಅದರ ಆಕಾರದಲ್ಲೇ ಇದೆ.

ವಾಸ್ತವದ ಅಂಕಿಗಳೂ ಇದನ್ನೇ ಹೇಳುತ್ತವೆ. ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ನ ಸಿಬ್ಬಂದಿ 2024ರಲ್ಲಿ ಇಂಥ 70 ಕಂಪನಿಗಳು ತಾವೇ ಪ್ರಕಟಿಸಿದ್ದ ಆದಾಯದ ವಿವರಗಳನ್ನು ಓದಿ ವರದಿ ಕೊಟ್ಟರು. ಸೇರಿದವರಲ್ಲಿ ಬಹುತೇಕರಿಗೆ ಸಿಕ್ಕಿದ್ದು ವರ್ಷಕ್ಕೆ 1,000 ಡಾಲರ್ ಅಥವಾ ಅದಕ್ಕಿಂತ ಕಡಿಮೆ. ಏನೂ ಸಿಗದವರೂ ಬಹಳ. ಇದು ಖರ್ಚು ಕಳೆಯುವ ಮೊದಲಿನ ಮೊತ್ತ ಎಂಬುದನ್ನು ಮರೆಯಬೇಡಿ. ಪ್ರತಿ ತಿಂಗಳ ಪಾಯಿಂಟ್, ಅಂದರೆ ಖರೀದಿಯ ಗುರಿ, ತುಂಬಿಸಲು ಸ್ವಂತ ದುಡ್ಡಿನಿಂದ ಕೊಂಡು ಮನೆಯಲ್ಲಿ ಪೇರಿಸಿಟ್ಟ ಸರಕು, ಸೆಮಿನಾರಿನ ಟಿಕೆಟ್ಟು, ಓಡಾಟ, ಹೋಟೆಲ್, ಪ್ರೇರಣೆಯ ಪುಸ್ತಕ, ಸಿಡಿ ಇವೆಲ್ಲ ಅದರಲ್ಲಿ ಕಳೆದಿರುವುದಿಲ್ಲ. ಕೆಲವು ಜಾಲಗಳಲ್ಲಿ ಮೇಲಿನವರಿಗೆ ಸರಕಿಗಿಂತ ಈ ಸೆಮಿನಾರು, ಪುಸ್ತಕಗಳಿಂದಲೇ ಒಳ್ಳೆ ವರಮಾನ. ವೇದಿಕೆಯ ಮೇಲೆ ಕಾರು ತೋರಿಸಿದ, ‘ಡೈಮಂಡ್’ ಎಂಬ ಮೇಲಿನ ಪದವಿಯ ಲೀಡರ್‌ನ ದುಡ್ಡು ಎಲ್ಲಿಂದ ಬಂತು ಎಂದು ಕೇಳಿದರೆ, ಆ ಸಭಾಂಗಣದಲ್ಲಿ ಟಿಕೆಟ್ ಕೊಂಡು ಕೂತು ಚಪ್ಪಾಳೆ ತಟ್ಟಿದವರ ಜೇಬಿನಿಂದಲೂ ಬಂದಿರುತ್ತದೆ.

ಇಷ್ಟೆಲ್ಲ ನಷ್ಟವಾದರೂ ಇದು ಅಷ್ಟು ದಶಕ ಬಾಳಿದ್ದು ಹೇಗೆ? ನನಗೆ ಅತಿ ಮುಖ್ಯ ಅನ್ನಿಸುವ ಪ್ರಶ್ನೆ ಇದು. ಉತ್ತರ: ಬಿಟ್ಟವರು ಮಾತಾಡಲಿಲ್ಲ. ಹೆಚ್ಚು ಬಡ್ಡಿಯ ಆಸೆ ತೋರಿಸಿ ಠೇವಣಿ ಪಡೆದ ಕಂಪನಿ ಮುಳುಗಿದರೆ ಜನ ಬೀದಿಗಿಳಿಯುತ್ತಾರೆ, ದೂರು ಕೊಡುತ್ತಾರೆ, ಪತ್ರಿಕೆಯಲ್ಲಿ ಬರುತ್ತದೆ. ಇಲ್ಲಿ ಹಾಗಾಗುವುದಿಲ್ಲ. ಒಬ್ಬೊಬ್ಬರ ನಷ್ಟ ಕೋರ್ಟಿಗೆ ಹೋಗುವಷ್ಟು ದೊಡ್ಡದಲ್ಲ, ಮರೆಯುವಷ್ಟು ಚಿಕ್ಕದೂ ಅಲ್ಲ. ದೂರು ಕೊಡುವುದೆಂದರೆ ತನ್ನನ್ನು ಸೇರಿಸಿದ ಅಣ್ಣನ ಹೆಸರೋ ಗೆಳೆಯನ ಹೆಸರೋ ಬರೆಯಬೇಕು. ಅದಕ್ಕಿಂತ ಕಷ್ಟದ್ದೆಂದರೆ, ತಾನು ಸೇರಿಸಿದವರ ಮುಂದೆ ನಿಂತು “ನನ್ನಿಂದ ನಿಮಗೆ ನಷ್ಟವಾಯಿತು” ಎಂದು ಒಪ್ಪಿಕೊಳ್ಳಬೇಕು. ಅದು ಯಾರಿಗೂ ಬೇಡ. ಮೇಲಾಗಿ ಒಳಗಿದ್ದಷ್ಟು ದಿನವೂ ‘ಬಿಟ್ಟುಹೋಗುವವರು ಸೋತವರು, ಪ್ರಶ್ನೆ ಕೇಳುವವರು ನೆಗೆಟಿವ್ ಜನ’ ಎಂದು ಕೇಳಿ ಕೇಳಿ, ಹೊರಬಂದವರು ತಮ್ಮನ್ನು ತಾವೇ ಹಾಗೆ ನೋಡಿಕೊಳ್ಳುತ್ತಾರೆ. ಆದ್ದರಿಂದ ಒಂದು ತಿಂಗಳು ಆರ್ಡರ್ ಹಾಕುವುದಿಲ್ಲ, ಇನ್ನೊಂದು ತಿಂಗಳು ಮೀಟಿಂಗ್‌ಗೆ ಹೋಗುವುದಿಲ್ಲ, ಆಮೇಲೆ ಫೋನ್ ಎತ್ತುವುದಿಲ್ಲ, ಅಷ್ಟೇ. ಅವರು ಬಿಟ್ಟ ಜಾಗಕ್ಕೆ ಏನೂ ತಿಳಿಯದ ಹೊಸಬರು ಬರುತ್ತಾರೆ. ಹಿಂದಿನವರ ಅನುಭವ ಮುಂದಿನವರಿಗೆ ದಾಟದಂತೆ ನಾಚಿಕೆ ಅಡ್ಡ ನಿಂತಿರುವಷ್ಟು ಕಾಲ ಈ ವ್ಯವಹಾರಕ್ಕೆ ಜನರ ಕೊರತೆ ಬರಲಿಲ್ಲ.

ಕಾನೂನು ಇದನ್ನು ತಡೆಯಲಿಲ್ಲವೇ ಎಂದರೆ, ಅರ್ಧಂಬರ್ಧ ತಡೆಯಿತು. ಸರಕು ಮಾರಿದ್ದಕ್ಕೆ ಸಂಬಂಧವಿಲ್ಲದೆ ಜನರನ್ನು ಸೇರಿಸಿದ್ದಕ್ಕೇ ಹಣ ಕೊಡುವುದು ಪಿರಮಿಡ್ ಮೋಸ ಎಂದು ಅಮೆರಿಕದ ಟ್ರೇಡ್ ಕಮಿಷನ್ 1975ರಲ್ಲಿ ಕಾಸ್ಕಾಟ್ ಇಂಟರ್‌ಪ್ಲಾನೆಟರಿ ಎಂಬ ಕಂಪನಿಯ ಪ್ರಕರಣದಲ್ಲಿ ಹೇಳಿತು. ಆದರೆ 1979ರಲ್ಲಿ ಅದೇ ಕಮಿಷನ್ ಆಮ್ವೇ ಪಿರಮಿಡ್ ಅಲ್ಲ ಎಂದು ತೀರ್ಪು ಕೊಟ್ಟಿತು. ಮಾರಾಟವಾಗದ ಸರಕನ್ನು ವಾಪಸ್ ಕೊಳ್ಳುವುದು, ನಿಜವಾದ ಗಿರಾಕಿಗಳಿಗೆ ಮಾರಬೇಕೆನ್ನುವುದು ಮೊದಲಾದ ನಿಯಮಗಳು ಅದರಲ್ಲಿವೆ ಎಂಬುದು ಕಾರಣ. ಆ ತೀರ್ಪಿನ ನಂತರ ಬಂದ ಬಹಳಷ್ಟು ಕಂಪನಿಗಳು ಅಂಥದೇ ನಿಯಮಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಂಡವು. ಕಾಗದದ ನಿಯಮ ಮನೆಮನೆಯಲ್ಲಿ ನಡೆಯುತ್ತಿದೆಯೇ ಎಂದು ನೋಡುವವರು ಕಡಿಮೆ. ಚೀನಾ 1998ರಲ್ಲಿ, ಅಂಗಡಿಯಿಲ್ಲದೆ ಜನರಿಂದ ಜನರಿಗೆ ನಡೆಯುವ ಇಡೀ ನೇರ ಮಾರಾಟವನ್ನೇ ನಿಷೇಧಿಸಿ, 2005ರಲ್ಲಿ ಒಂದೇ ಹಂತದ ಮಾರಾಟಕ್ಕೆ ಮಾತ್ರ ಬಾಗಿಲು ತೆರೆಯಿತು. ಭಾರತದಲ್ಲಿ, ಜನರನ್ನು ಸೇರಿಸಿದ್ದರ ಮೇಲೆ ಸುಲಭದ ಹಣದ ಆಸೆ ತೋರಿಸುವ ‘ಹಣ ಚಲಾವಣೆ’ ಯೋಜನೆಗಳನ್ನು ನಿಷೇಧಿಸುವ 1978ರ ಕಾಯ್ದೆ ಇದೆ. 2021ರ ಡಿಸೆಂಬರ್‌ನಲ್ಲಿ ಬಂದ ನೇರ ಮಾರಾಟ ನಿಯಮಗಳು ಪಿರಮಿಡ್ ಯೋಜನೆ ನಡೆಸುವುದನ್ನೂ ಅದಕ್ಕೆ ಜನರನ್ನು ಸೇರಿಸುವುದನ್ನೂ ನಿಷೇಧಿಸಿವೆ.

ಇಳಿಕೆಗೆ ಮೊದಲ ಕಾರಣ ಕಾನೂನಲ್ಲ ಎಂದೇ ನನ್ನ ಅಭಿಪ್ರಾಯ. ಆ ಮೌನ ಒಡೆಯಿತು, ಅದು ಮೊದಲ ಕಾರಣ. ಬಿಟ್ಟವರು ತಮ್ಮ ಬಳಗಕ್ಕೆ ಹೇಳಲಾಗದ್ದನ್ನು ಹೆಸರು ಮರೆಸಿ ಅಂತರ್ಜಾಲದಲ್ಲಿ ಬರೆಯತೊಡಗಿದರು. ಮೀಟಿಂಗ್‌ನಿಂದ ಮನೆಗೆ ಬಂದವರು ಕಂಪನಿಯ ಹೆಸರನ್ನು ಹುಡುಕಿದರೆ, ಮುಂಚೆ ಲೀಡರ್ ಹೇಳಿದ್ದಷ್ಟೇ ತಿಳಿಯುತ್ತಿದ್ದ ಜಾಗದಲ್ಲಿ ಈಗ ನೂರಾರು ಜನರ ಅನುಭವ ಸಿಗುತ್ತದೆ. ಅದೇ ಫೋನಿನಲ್ಲಿ ಅಂಥದೇ ಪುಡಿ, ಅಂಥದೇ ಕ್ರೀಮು ಎಷ್ಟು ಕಡಿಮೆಗೆ ಸಿಗುತ್ತದೆಂದೂ ಕಾಣುತ್ತದೆ. ಅರೆಕಾಲಿಕ ದುಡಿಮೆಗೆ ಬೇರೆ ದಾರಿಗಳೂ ಹುಟ್ಟಿದವು. ವಾಹನ ಓಡಿಸಿಯೋ ಸಾಮಾನು ತಲುಪಿಸಿಯೋ ಗಳಿಸುವುದು ಎಷ್ಟೇ ಕಷ್ಟವಿರಲಿ, ಅದಕ್ಕಾಗಿ ಗೆಳೆಯರ ಮನೆ ಬಾಗಿಲು ತಟ್ಟಬೇಕಿಲ್ಲ. ಕೊನೆಗೆ, ಬಳಗಗಳೇ ದಣಿದವು. ಒಂದು ಬಳಗದಲ್ಲಿ ನಾಲ್ಕಾರು ಜನ ಬೇರೆ ಬೇರೆ ಕಂಪನಿಗಳಿಗೆ ಸೇರಿ, ಒಬ್ಬರಿಗೊಬ್ಬರು ಪ್ಲಾನ್ ತೋರಿಸಿ, ಎಲ್ಲರೂ ಬಿಟ್ಟ ಮೇಲೆ, “ಒಂದು ಒಳ್ಳೆ ಅವಕಾಶ” ಎಂದ ಕೂಡಲೇ ಮಿಕ್ಕ ವಾಕ್ಯ ಕೇಳುವವರಿಗೇ ಬಾಯಿಪಾಠ.

ಸರ್ಕಾರಗಳ ಕ್ರಮ ಇದರ ಬೆನ್ನಿಗೆ ಬಂತು. ಹರ್ಬಲೈಫ್ ಎಂಬ ಇಂಥದೇ ಕಂಪನಿ 2016ರಲ್ಲಿ 20 ಕೋಟಿ ಡಾಲರ್ ಕೊಟ್ಟು, ನಿಜವಾದ ಚಿಲ್ಲರೆ ಮಾರಾಟದ ಆಧಾರದಲ್ಲಿ ಪ್ರತಿಫಲ ಕೊಡುವಂತೆ ತನ್ನ ಅಮೆರಿಕದ ವ್ಯವಸ್ಥೆ ಬದಲಿಸಿಕೊಳ್ಳಬೇಕಾಯಿತು. ಅಡ್ವೊಕೇರ್ ಎಂಬ ಇನ್ನೊಂದು ಕಂಪನಿ 2019ರಲ್ಲಿ 15 ಕೋಟಿ ಡಾಲರ್ ಕೊಟ್ಟು ಬಹುಹಂತದ ಪದ್ಧತಿಯನ್ನೇ ಕೈಬಿಟ್ಟಿತು. ಟಿಕ್‌ಟಾಕ್ 2020ರ ಕೊನೆಯಲ್ಲಿ ಬಹುಹಂತದ ಮಾರಾಟದ ಪ್ರಚಾರವನ್ನೇ ನಿಷೇಧಿಸಿತು. ಆಮ್ವೇಯ ಜಾಗತಿಕ ವಹಿವಾಟು 2013ರಲ್ಲಿ 1,180 ಕೋಟಿ ಡಾಲರ್ ಮುಟ್ಟಿದ್ದು 2023ಕ್ಕೆ 770 ಕೋಟಿಗೆ ಇಳಿಯಿತು. ಈ ಕಥೆ ಎಲ್ಲಿಂದ ಶುರುವಾಯಿತೋ ಆ ಟಪ್ಪರ್‌ವೇರ್ 2024ರ ಸೆಪ್ಟೆಂಬರ್‌ನಲ್ಲಿ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯಕ್ಕೆ ಹೋಯಿತು. ಹಾಗೆಂದು ಈ ವ್ಯವಹಾರ ಸತ್ತಿಲ್ಲ. ಕೋವಿಡ್ ಕಾಲದಲ್ಲಿ ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತವರನ್ನು ಗುರಿಮಾಡಿ ಮತ್ತೆ ಹುರುಪು ಪಡೆದಿತ್ತು. ಈಗಲೂ ಜಗತ್ತಿನಾದ್ಯಂತ ದೊಡ್ಡ ಮೊತ್ತದ ವಹಿವಾಟು ನಡೆಯುತ್ತಿದೆ.

ನನಗೆ ಹೆಚ್ಚು ಆತಂಕ ಇರುವುದು ಅದು ವೇಷ ಬದಲಿಸಿರುವ ಬಗ್ಗೆ. ಸರಕೇ ಇಲ್ಲದ, ಬರೀ ಕ್ರಿಪ್ಟೋ, ಅಂದರೆ ಡಿಜಿಟಲ್ ನಾಣ್ಯದ, ಹೆಸರಿನ ಜಾಲಗಳು ಬಂದವು. 2014ರಲ್ಲಿ ಶುರುವಾದ ಒನ್‌ಕಾಯಿನ್ ಹರಡಿದ್ದು ಇದೇ ಅಪ್‌ಲೈನ್, ಡೌನ್‌ಲೈನ್ ದಾರಿಯಲ್ಲಿ. 400 ಕೋಟಿ ಡಾಲರಿಗೂ ಹೆಚ್ಚು ಹಣ ಹೋಯಿತೆಂದು ಅಮೆರಿಕದ ಸರ್ಕಾರಿ ವಕೀಲರು ಹೇಳಿದ್ದಾರೆ. ಅದರ ಸ್ಥಾಪಕಿ ರೂಜಾ ಇಗ್ನಾಟೋವಾ 2017ರಲ್ಲಿ ಕಣ್ಮರೆಯಾದವರು ಇನ್ನೂ ಸಿಕ್ಕಿಲ್ಲ. ವಿಟಮಿನ್ ಡಬ್ಬಿಯ ಜಾಲದಲ್ಲಿ ಹಣ ಹೋದರೂ ಕೈಯಲ್ಲೊಂದು ಡಬ್ಬಿ ಉಳಿಯುತ್ತಿತ್ತು. ಈ ಹೊಸದರಲ್ಲಿ ಅದೂ ಇಲ್ಲ, ಕಳೆಯುವ ಮೊತ್ತವೂ ಎಷ್ಟೋ ಪಟ್ಟು ದೊಡ್ಡದು. ಹಣ ಗಳಿಸುವುದನ್ನು ಕಲಿಸುವ ಕೋರ್ಸು, ಆ ಕೋರ್ಸನ್ನು ಇನ್ನೊಬ್ಬರಿಗೆ ಮಾರುವುದೇ ಕೋರ್ಸಿನ ಪಾಠ ಎಂಬಂಥವೂ ಇವೆ. ಯಾರಾದರೂ ಮತ್ತೆ ಕರೆದರೆ ಒಂದೇ ಪ್ರಶ್ನೆ ಕೇಳಿ: ಇನ್ನು ಮುಂದೆ ಒಬ್ಬ ಹೊಸಬನೂ ಸೇರದಿದ್ದರೆ, ಹೊರಗಿನ ಗಿರಾಕಿಗಳಿಗೆ ಮಾರಿದ್ದರಿಂದಷ್ಟೇ ಈ ತಿಂಗಳು ನಿಮಗೆ ಎಷ್ಟು ಬರುತ್ತದೆ? ನಿಜವಾದ ವ್ಯಾಪಾರ ಮಾಡುವವರು ಇದಕ್ಕೆ ಅಂಕಿಯಲ್ಲಿ ಉತ್ತರಿಸುತ್ತಾರೆ. ಉತ್ತರದ ಬದಲು ಕನಸು, ಕಾರು, ಲೀಡರ್‌ನ ಕಥೆ ಬಂದರೆ ನಿಮಗೆ ಬೇಕಾದ್ದು ತಿಳಿದಂತಾಯಿತು.

ಈಗ ನಿಮ್ಮ ಗೆಳತಿಯ ವಿಷಯ. ಅವರು ಮಾತು ಬಿಟ್ಟಿರುವುದು ಬಹುಶಃ ನಿಮ್ಮ ಮೇಲಿನ ಸಿಟ್ಟಿನಿಂದಲ್ಲ. ನೀವು ಅಂದು ಹೇಳಿದ್ದು ಸರಿಯಾಗಿತ್ತು ಎಂಬುದೇ ಅವರನ್ನು ತಡೆಯುತ್ತಿರಬಹುದು. ಸರಿಯಾಗಿ ಹೇಳಿದವರ ಎದುರು ಸೋತು ನಿಲ್ಲುವುದು ಕಷ್ಟ. ಹಾಗಾಗಿ ಮೊದಲ ಹೆಜ್ಜೆ ನೀವೇ ಇಡಬೇಕಾಗುತ್ತದೆ. ದೊಡ್ಡ ಪತ್ರ ಬರೆಯಬೇಡಿ, ಆ ವಿಷಯವನ್ನು ಎತ್ತಲೂ ಬೇಡಿ. ಅವರ ಮನೆಯವರ ಬಗ್ಗೆ, ನಿಮ್ಮಿಬ್ಬರಿಗೂ ಗೊತ್ತಿರುವ ಯಾರದೋ ಬಗ್ಗೆ ಒಂದು ಸಣ್ಣ ಸಂದೇಶ ಸಾಕು. ಉತ್ತರ ಬರದಿದ್ದರೆ ಕೆಲವು ದಿನ ಬಿಟ್ಟು ಇನ್ನೊಂದು ಕಳಿಸಿ. ಮಾತು ಶುರುವಾದ ಮೇಲೆ, “ಅವತ್ತು ನಾನು ಆಡಿದ ಮಾತು ಒರಟಾಗಿತ್ತು, ಅದಕ್ಕೆ ನನಗೆ ಬೇಸರವಿದೆ” ಎನ್ನಿ. ಸೇರದಿದ್ದುದಕ್ಕೆ ನೀವು ಕ್ಷಮೆ ಕೇಳಬೇಕಿಲ್ಲ. “ಎಷ್ಟು ಹೋಯಿತು?” ಎಂದು ಮಾತ್ರ ನೀವಾಗಿ ಕೇಳಬೇಡಿ, “ನಾನು ಆಗಲೇ ಹೇಳಿದ್ದೆ” ಎಂಬುದು ನಗುತ್ತಾ ಕೂಡ ಬಾಯಿಗೆ ಬರಬಾರದು.

ಒಂದು ದಿನ ಅವರೇ ಹೇಳಿಕೊಳ್ಳಬಹುದು. ಆಗ ಕೇಳಿಸಿಕೊಂಡ ಮೇಲೆ ಎರಡು ವಿಷಯ ವಿಚಾರಿಸಿ. ಸೇರಲು ಅಥವಾ ಸರಕು ಕೊಳ್ಳಲು ಮಾಡಿದ ಸಾಲ ಇನ್ನೂ ಉಳಿದಿದೆಯೇ? ಕ್ರೆಡಿಟ್ ಕಾರ್ಡಿನ ಮೇಲೆ ಎಳೆದ ಹಣವಾದರೆ ಅದರ ಬಡ್ಡಿ ಸಾಮಾನ್ಯವಾಗಿ ತೀರ ದುಬಾರಿ, ಮೊದಲು ತೀರಿಸಬೇಕಾದ್ದು ಅದನ್ನೇ. ಎರಡನೆಯದು, ಅವರಿಂದ ಸೇರಿದವರು ಯಾರಾದರೂ ಇನ್ನೂ ಒಳಗಿದ್ದಾರೆಯೇ? ಇದ್ದರೆ, ಮಾರಾಟವಾಗದ ಸರಕನ್ನು ವಾಪಸ್ ಕೊಡಲು ಕಂಪನಿಯ ಕರಾರಿನಲ್ಲಿ ಎಷ್ಟು ದಿನದ ಅವಕಾಶವಿದೆ ಎಂದು ಇಬ್ಬರೂ ಕೂತು ಓದಿ, ಆ ಗಡುವು ಮೀರುವ ಮೊದಲು ಅವರಿಗೆ ತಿಳಿಸಿ. ನಿಮ್ಮ ಗೆಳತಿಗೆ ಒಬ್ಬರೇ ಮಾಡಲು ಕೈ ಬಾರದ ಕರೆ ಅದು. ಪಕ್ಕದಲ್ಲಿ ನೀವಿದ್ದರೆ ಮಾಡುತ್ತಾರೆ.